ಎರಡು ಪಾದದ ಮಿಷನ್ನು, ಹತ್ತು ಮನೆಯ ಹಳೇ ಕಾರು

ಪ್ರೀಮಿಯರ್ ಪದ್ಮಿನಿಯ ಹಿಂದಿನ ಸೀಟಿಗೆ ಹೊಸ ಹೊದಿಕೆ ಹೊಲಿಯುವುದು ನೋಡಲು ಸುಲಭದ ಕೆಲಸ. ಮೇಲೆ ರೆಕ್ಸಿನ್, ನಡುವೆ ತೆಳು ಫೋಮ್, ಅಡಿಯಲ್ಲೊಂದು ಬಟ್ಟೆ. ಮೂರನ್ನೂ ಸೇರಿಸಿ ಉದ್ದುದ್ದ ಪಟ್ಟೆಗಳಾಗಿ ಹೊಲಿದರೆ ಮುಗಿಯಿತು ಅನ್ನಿಸುತ್ತದೆ. ಮನೆಯ ಹೊಲಿಗೆ ಮಿಷನ್ನಿನ ಮುಂದೆ ಕೂತವರಿಗೆ ಮೊದಲ ಪಟ್ಟೆಯಲ್ಲೇ ತೊಡಕು ಎದುರಾಗುತ್ತದೆ. ಶುರುವಿನಲ್ಲಿ ಅಂಚಿಗೆ ಅಂಚು ಕೂಡಿಸಿ ಕ್ಲಿಪ್ಪು ಹಾಕಿದ್ದರೂ ಕೊನೆ ಮುಟ್ಟುವ ಹೊತ್ತಿಗೆ ಅಡಿಯ ಬಟ್ಟೆ ಮುಗಿದಿರುತ್ತದೆ, ಮೇಲಿನ ರೆಕ್ಸಿನ್ ಇನ್ನೂ ಉಳಿದಿರುತ್ತದೆ. ಪದರಗಳ ಓಟದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸ ಬಂದರೂ ಒಂದು ಮೀಟರ್ ಹೊಲಿಗೆಗೆ ಒಂದು ಸೆಂಟಿಮೀಟರ್ ತಪ್ಪುತ್ತದೆ. ಪಟ್ಟೆಯಿಂದ ಪಟ್ಟೆಗೆ ಅದು ಕೂಡುತ್ತಾ ಹೋಗಿ, ಕೊನೆಗೆ ಬೆನ್ನಿನ ಪಟ್ಟೆಗೂ ಕೂರುವ ಭಾಗದ ಪಟ್ಟೆಗೂ ಹೊಂದಾಣಿಕೆಯೇ ಇರುವುದಿಲ್ಲ.

ಇದಕ್ಕೆ ಹೊಲಿಯುವವರ ಕೈ ಕಾರಣವಲ್ಲ. ಸಾಮಾನ್ಯ ಮಿಷನ್ನಿನಲ್ಲಿ ಬಟ್ಟೆಯನ್ನು ಒಯ್ಯುವುದು ಸೂಜಿಯ ಕೆಳಗಿರುವ ಹಲ್ಲುಗಳು. ಅವು ಮೇಲೇಳುತ್ತವೆ, ಬಟ್ಟೆಯನ್ನು ಕಚ್ಚಿ ಸರಿಯುತ್ತವೆ, ತಗ್ಗುತ್ತವೆ, ಮೊದಲಿನ ಜಾಗಕ್ಕೆ ಮರಳುತ್ತವೆ. ಈ ನಾಲ್ಕು ಹಂತದ ಚಲನೆಗೆ ಅಮೆರಿಕದ ಅಲೆನ್ ವಿಲ್ಸನ್ 1854ರಲ್ಲಿ ಪೇಟೆಂಟ್ ಪಡೆದ. ನಮ್ಮ ಮನೆಗಳ ಮಿಷನ್ನುಗಳು ಇಂದಿಗೂ ಹೀಗೇ ನಡೆಯುತ್ತವೆ. ಹಲ್ಲು ಹಿಡಿಯುವುದು ಅಡಿಯ ಪದರವನ್ನು ಮಾತ್ರ. ಮೇಲಿನದು ಅಡಿಯದರ ಮೇಲೆ ಕೂತು ಘರ್ಷಣೆಯ ಬಲದಿಂದ ಸಾಗಬೇಕು, ಅದೇ ಹೊತ್ತಿಗೆ ಮೇಲಿಂದ ಒತ್ತಿಕೊಂಡಿರುವ ಪಾದ ಅದನ್ನು ತಡೆಯುತ್ತಿರುತ್ತದೆ. ಹತ್ತಿಬಟ್ಟೆಯಾದರೆ ನುಣುಪಾದ ಪಾದ ಜಾರಿಕೊಳ್ಳುತ್ತದೆ. ರೆಕ್ಸಿನ್ನಿನ ಮೇಲ್ಮೈ ಪಿವಿಸಿ, ಅದು ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಡುವಿನ ಫೋಮ್ ಇನ್ನಷ್ಟು ಕೆಡಿಸುತ್ತದೆ: ತಾನು ಓರೆಯಾಗಿ ಬಾಗಿ, ಅಡಿಪದರ ಮುಂದೆ ಹೋದರೂ ಮೇಲ್ಪದರ ಹಿಂದುಳಿಯಲು ಅವಕಾಶ ಕೊಡುತ್ತದೆ.

ಪರಿಹಾರವನ್ನು ಯಂತ್ರಶಿಲ್ಪಿಗಳು ಬಹಳ ಹಿಂದೆಯೇ ಕಂಡುಕೊಂಡರು. ವಾಕಿಂಗ್ ಫುಟ್ ಮಿಷನ್ ಎಂದು ಕರೆಯುವ ಯಂತ್ರದಲ್ಲಿ ಪಾದ ಒಂದಲ್ಲ, ಎರಡು. ಒಳಗಿನ ಪಾದದ ತೂತಿನಲ್ಲಿ ಸೂಜಿ ಇಳಿಯುತ್ತದೆ. ಹೊರಗಿನದು ಅದರ ಎರಡೂ ಬದಿಗೆ ಕೂರುತ್ತದೆ. ಸೂಜಿ ಪದರಗಳನ್ನೆಲ್ಲ ತೂರಿ ನಿಂತ ಕ್ಷಣದಲ್ಲೇ ಸೂಜಿ, ಒಳಪಾದ, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತವೆ. ಮೂರು ಪದರಗಳನ್ನೂ ಸೂಜಿಯೇ ಮೊಳೆಯಂತೆ ಕಟ್ಟಿಹಾಕಿರುವುದರಿಂದ ಜಾರಲು ಜಾಗವೇ ಇಲ್ಲ. ಹೆಜ್ಜೆ ಮುಗಿದಾಗ ಹೊರಪಾದ ಇಳಿದು ವಸ್ತುವನ್ನು ಒತ್ತಿಹಿಡಿಯುತ್ತದೆ. ಒಳಪಾದ ಮತ್ತು ಸೂಜಿ ಮೇಲೆದ್ದು ಮುಂದಿನ ಹೆಜ್ಜೆಗೆ ಬರುತ್ತವೆ. ಕೈಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿದರೆ ಎರಡು ಪಾದಗಳೂ ಸರದಿಯಲ್ಲಿ ಹೆಜ್ಜೆ ಹಾಕುವುದು ಸ್ಪಷ್ಟವಾಗಿ ಕಾಣುತ್ತದೆ. ಯಾಂತ್ರಿಕ ಚಲನೆಗಳಲ್ಲಿ ಇಷ್ಟು ಚೆಂದದ್ದು ನನಗೆ ಹೆಚ್ಚು ಗೊತ್ತಿಲ್ಲ.

ಸಿಂಗರ್ ಕಂಪನಿಯ ಹಳೆಯ 111ಡಬ್ಲ್ಯು ಸರಣಿ, ಜಪಾನಿನ ಜುಕಿ ಡಿಎನ್‌ಯು-1541, ಜರ್ಮನಿಯ ಫಾಫ್ 545 ಈ ಕುಟುಂಬದವು. ಜುಕಿಯಲ್ಲಿ ಒಂದು ಹೊಲಿಗೆ 9 ಮಿಲಿಮೀಟರ್ ಉದ್ದದವರೆಗೆ ಹೋಗಬಲ್ಲದು. ಅಷ್ಟು ಉದ್ದ ಏಕೆ ಎಂದರೆ, ರೆಕ್ಸಿನ್ನಿಗೆ ಸಣ್ಣ ಹೊಲಿಗೆ ಅಪಾಯ. ಸೂಜಿಯ ಪೊಟ್ಟಣದ ಮೇಲೆ 140 ಎಂದಿದ್ದರೆ ಸೂಜಿಯ ಕಾಂಡ 1.4 ಮಿ.ಮೀ. ದಪ್ಪ ಎಂದರ್ಥ. ಎರಡು ಮಿ.ಮೀ.ಗೆ ಒಂದರಂತೆ ಚುಚ್ಚಿದರೆ ತೂತಿಗೂ ತೂತಿಗೂ ನಡುವೆ ಉಳಿಯುವುದು 0.6 ಮಿ.ಮೀ. ಮಾತ್ರ, ಭಾರದ ಆಳು ಒಮ್ಮೆ ಕೂತರೆ ಅಂಚೆಚೀಟಿಯ ಹಾಗೆ ಸಾಲಿಗೆ ಸಾಲೇ ಹರಿಯುತ್ತದೆ. ಐದು ಮಿ.ಮೀ.ಗೆ ಒಂದಾದರೆ 3.6 ಮಿ.ಮೀ. ಗಟ್ಟಿ ರೆಕ್ಸಿನ್ ಉಳಿಯುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಕುಶನ್ ವರ್ಕ್ಸ್ ಒಂದರಲ್ಲಿ, ಕಾರಿನ ಮಾಲೀಕರೊಬ್ಬರು ಆಸೆಪಟ್ಟು ಮಿಷನ್ನಿನ ಮುಂದೆ ಕೂತು ರೆಕ್ಸಿನ್ನನ್ನು ಹಿಂದಿನಿಂದ ಎಳೆಯತೊಡಗಿದಾಗ ಅಲ್ಲಿನ ಹಿರಿಯರು ತಡೆದದ್ದನ್ನು ನೋಡಿದ್ದೇನೆ. “ಎಳೀಬೇಡಿ ಸಾರ್. ಕೈ ದಾರಿ ತೋರಿಸಿದ್ರೆ ಸಾಕು, ಒಯ್ಯೋದು ಮಿಷನ್ ಕೆಲಸ.” ಆ ಮಾತಿನ ಹಿಂದೆ ಒಳ್ಳೆಯ ಕಾರಣವಿದೆ. ಎಳೆದರೆ ಸೂಜಿ ಬಾಗುತ್ತದೆ. ಸೂಜಿ ಕೆಳತುದಿ ಮುಟ್ಟಿ ತುಸು ಮೇಲೇಳುವಾಗ ದಾರ ಹಿಂಬದಿಯಲ್ಲಿ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ತಿರುಗುವ ಹುಕ್ಕಿನ ಮೊನೆ ಸರಿಯಾಗಿ ಆ ಕುಣಿಕೆಯೊಳಗೆ ಹೊಕ್ಕು, ಅದನ್ನು ಹಿಗ್ಗಿಸಿ, ಬಾಬಿನ್ನಿನ ಸುತ್ತ ದಾಟಿಸಬೇಕು. ಆಗ ಮೇಲಿನ ದಾರವೂ ಕೆಳಗಿನ ದಾರವೂ ಒಂದನ್ನೊಂದು ತೊಡರಿಕೊಳ್ಳುತ್ತವೆ. ಸೂಜಿಗೂ ಹುಕ್ಕಿನ ಮೊನೆಗೂ ನಡುವೆ ಬಿಡುವ ಅಂತರ ಕೂದಲೆಳೆಯಷ್ಟು. ಬಾಗಿದ ಸೂಜಿ ಹುಕ್ಕಿಗೆ ಬಡಿದರೆ ಮೊನೆ ಮೊಂಡಾಗುತ್ತದೆ, ಇಲ್ಲವೇ ಟೈಮಿಂಗ್ ಜರುಗುತ್ತದೆ. ಆಮೇಲೆ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ.

ಹಳೇ ಕಾರಿನ ಹವ್ಯಾಸಿಗಳು ಸಲಕರಣೆ ಹಂಚಿಕೊಳ್ಳುವ ಮಾತಿಗೆ ಈ ವಿವರ ನೇರವಾಗಿ ಸಂಬಂಧಿಸಿದೆ. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಪದ್ಮಿನಿ ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಆದರೂ ಈ ಕಾರುಗಳನ್ನು ಉಳಿಸಿಕೊಂಡು, ಸೀಟಿನ ಕೆಲಸವನ್ನು ಸ್ವಂತ ಕೈಯಿಂದಲೇ ಮಾಡಬೇಕೆಂಬ ಹಂಬಲವಿರುವವರು ಪ್ರತಿ ಊರಲ್ಲೂ ಇದ್ದಾರೆ. ಆದರೆ ಒಂದು ಕಾರಿನ ಹೊಲಿಗೆ ಕೆಲವು ದಿನಗಳ ಕೆಲಸ, ಮುಗಿದರೆ ಮತ್ತೆ ವರ್ಷಗಟ್ಟಲೆ ಮಿಷನ್ನಿಗೆ ಕೆಲಸವಿಲ್ಲ. ಹತ್ತು ಮನೆಗೆ ಹತ್ತು ವಾಕಿಂಗ್ ಫುಟ್ ಮಿಷನ್ ಎಂಬುದು ದುಂದು. ಡೆಟ್ರಾಯಿಟ್ ಪಕ್ಕದ ಗ್ರೋಸ್ ಪಾಯಿಂಟಿನ ಸಾರ್ವಜನಿಕ ಗ್ರಂಥಾಲಯದಲ್ಲಿ 1940ರ ದಶಕದಿಂದ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1979ರಿಂದ, ಪುಸ್ತಕದಂತೆ ಸಲಕರಣೆಗಳನ್ನೂ ಎರವಲು ಕೊಡುತ್ತಿದ್ದಾರೆ. ನಮ್ಮಲ್ಲೇ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ರೈತರು ಉಳುವ, ಕೊಯ್ಯುವ ಯಂತ್ರಗಳನ್ನು ಬೇಕಾದಷ್ಟು ಹೊತ್ತಿಗೆ ಬಾಡಿಗೆ ಹಿಡಿಯುತ್ತಾರೆ.

ಹೊಲಿಗೆ ಮಿಷನ್ನಿನ ಹುಟ್ಟಿನಲ್ಲೇ ಹಂಚಿಕೆಯ ಕಥೆಯೊಂದಿದೆ. ಮೊನೆಯಲ್ಲಿ ಕಣ್ಣಿರುವ ಸೂಜಿಯಿಂದ ಎರಡು ದಾರದ ಹೊಲಿಗೆ ಹಾಕುವ ಪೇಟೆಂಟ್ ಎಲಿಯಾಸ್ ಹೋವ್‌ನದು, 1846ರದ್ದು. ನಾಲ್ಕು ಹಂತದ ಹಲ್ಲು ವೀಲರ್ ಆ್ಯಂಡ್ ವಿಲ್ಸನ್ ಕಂಪನಿಯ ಕೈಲಿ, ಇನ್ನಷ್ಟು ಪೇಟೆಂಟುಗಳು ಸಿಂಗರ್ ಮತ್ತು ಗ್ರೋವರ್ ಆ್ಯಂಡ್ ಬೇಕರ್ ಬಳಿ. ಯಾರೊಬ್ಬರೂ ಉಳಿದವರ ಪೇಟೆಂಟ್ ಮುಟ್ಟದೆ ಒಳ್ಳೆಯ ಮಿಷನ್ ಮಾಡುವಂತಿರಲಿಲ್ಲ. ವರ್ಷಗಳ ಕೋರ್ಟು ಜಗಳದ ನಂತರ 1856ರಲ್ಲಿ ನಾಲ್ವರೂ ತಮ್ಮ ಪೇಟೆಂಟುಗಳನ್ನು ಒಂದೇ ಕೂಟಕ್ಕೆ ತಂದರು. 1877ರವರೆಗೆ ಅದು ನಡೆಯಿತು. ಅದು ವ್ಯಾಪಾರದ ಒಪ್ಪಂದ, ನಿಜ. ಆದರೂ ಆ ಒಪ್ಪಂದದಿಂದಲೇ ಎಲ್ಲ ಜಾಣ್ಮೆಗಳೂ ಒಂದೇ ಯಂತ್ರದೊಳಗೆ ಸೇರಲು ದಾರಿಯಾಯಿತು.

ಯಾವ ಸಲಕರಣೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಆಯಾ ಸಲಕರಣೆಯ ಒಳರಚನೆಯೇ ತೀರ್ಮಾನಿಸುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಾಕಿಂಗ್ ಫುಟ್ ಮಿಷನ್ ಊರೂರು ಸುತ್ತಬಾರದು. ಅದರ ತಲೆಭಾಗವೇ ಒಬ್ಬರು ಆರಾಮಾಗಿ ಎತ್ತುವ ತೂಕದ್ದಲ್ಲ. ಡಿಕ್ಕಿಯಲ್ಲಿ ಅಡ್ಡ ಮಲಗಿಸಿ ಒಯ್ದರೆ ಎಣ್ಣೆ ಸೋರುತ್ತದೆ, ಎಲ್ಲಾದರೂ ತಗುಲಿದರೆ ಆ ಕೂದಲೆಳೆಯ ಅಂತರ ಕೆಡುತ್ತದೆ. ಅದು ಒಬ್ಬರ ಶೆಡ್ಡಿನಲ್ಲಿ ನಿಲ್ಲಲಿ, ಉಳಿದವರು ರೆಕ್ಸಿನ್ ಹಿಡಿದುಕೊಂಡು ಅಲ್ಲಿಗೆ ಹೋಗಲಿ. ಮೋಟಾರು ಮಾತ್ರ ಸರ್ವೋ ಆಗಿರಬೇಕು. ಹಳೆಯ ಕ್ಲಚ್ ಮೋಟಾರು ಸ್ವಿಚ್ಚು ಹಾಕಿದ ಹೊತ್ತಿನಿಂದ ನಿಮಿಷಕ್ಕೆ 1400ಕ್ಕೂ ಹೆಚ್ಚು ಸುತ್ತು ತಿರುಗುತ್ತಲೇ ಇರುತ್ತದೆ. ಪೆಡಲ್ ಒತ್ತಿದರೆ ಕ್ಲಚ್ ಕಚ್ಚುತ್ತದೆ, ಹೊಸಬರ ಕಾಲಿಗೆ ಅದು ಹತೋಟಿಗೆ ಬರುವುದಿಲ್ಲ. ಸರ್ವೋ ಮೋಟಾರಿನಲ್ಲಿ ವೇಗದ ಮಿತಿಯನ್ನು ಮೊದಲೇ ಹೊಂದಿಸಿಡಬಹುದು. ನಾಲ್ಕು ಮಿ.ಮೀ. ಹೊಲಿಗೆಯನ್ನು ನಿಮಿಷಕ್ಕೆ 2500ರಂತೆ ಹಾಕಿದರೆ ರೆಕ್ಸಿನ್ ಹತ್ತು ಮೀಟರ್ ಓಡಿಹೋಗುತ್ತದೆ. 200ಕ್ಕೆ ಇಳಿಸಿದರೆ 80 ಸೆಂಟಿಮೀಟರ್. ಕಲಿಯುವವರಿಗೆ ಅದೂ ಸಾಕಷ್ಟಾಯಿತು.

ಹಾಗ್ ರಿಂಗ್ ಇಕ್ಕಳದ ವಿಷಯವೇ ಬೇರೆ. ಅದನ್ನು ಕೈಯಿಂದ ಕೈಗೆ ಧಾರಾಳವಾಗಿ ಕೊಡಬಹುದು. ಹಾಗ್ ರಿಂಗ್ ಎಂದರೆ ಇಂಗ್ಲಿಷಿನ ಸಿ ಅಕ್ಷರದ ಆಕಾರದ, ಎರಡೂ ತುದಿ ಚೂಪಾದ ಉಕ್ಕಿನ ಬಳೆ. ಹಂದಿಗಳು ಮೂತಿಯಿಂದ ನೆಲ ಕೆದಕದಂತೆ ಹಾಕುತ್ತಿದ್ದ ಬಳೆ ಕಾರಿನ ಸೀಟಿಗೆ ಬಂದದ್ದಕ್ಕೆ ಒಂದು ಕಾರಣವಿದೆ. ಸೀಟಿನ ಮೈ ಅಲ್ಲಲ್ಲಿ ತಗ್ಗಾಗಿರುತ್ತದೆ. ಬಿಗಿಯಾಗಿ ಎಳೆದ ಹೊದಿಕೆ ತಾನಾಗಿ ತಗ್ಗಿಗೆ ಇಳಿಯುವುದಿಲ್ಲ, ಎರಡು ಉಬ್ಬುಗಳ ನಡುವೆ ನೇರವಾಗಿ ನಿಲ್ಲುತ್ತದೆ. ಅದನ್ನು ಒಳಗಿನಿಂದ ಎಳೆದು ಕಟ್ಟಬೇಕು. ಹಾಗೆಂದು ಬಟ್ಟೆಗೇ ಬಳೆ ಚುಚ್ಚಿದರೆ ಎಳೆತವೆಲ್ಲ ಅಷ್ಟೇ ಬಿಂದುಗಳಿಗೆ ಬಿದ್ದು ಹರಿಯುತ್ತದೆ. ಆದ್ದರಿಂದ ಹೊದಿಕೆಯ ಒಳಮೈಗೆ ಉದ್ದಕ್ಕೂ ಒಂದು ತೆಳು ಬಟ್ಟೆಯ ಕೊಳವೆ ಹೊಲಿದು ಅದರೊಳಗೆ ಗಟ್ಟಿ ತಂತಿ ತೂರಿಸುತ್ತಾರೆ. ಬಳೆ ಆ ತಂತಿಯನ್ನೂ ಸೀಟಿನ ಚೌಕಟ್ಟಿನ ತಂತಿಯನ್ನೂ ಒಟ್ಟಿಗೆ ಸುತ್ತುತ್ತದೆ. ಎಳೆತ ತಂತಿಯ ಇಡೀ ಉದ್ದಕ್ಕೆ ಹಂಚಿಹೋಗುತ್ತದೆ.

ಇದನ್ನು ಸಾಮಾನ್ಯ ಇಕ್ಕಳದಲ್ಲಿ ಒತ್ತಲು ಹೊರಟರೆ ಬಳೆ ಅಡ್ಡಕ್ಕೆ ತಿರುಗಿ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹಾಗ್ ರಿಂಗ್ ಇಕ್ಕಳದ ಎರಡೂ ದವಡೆಯಲ್ಲಿ ಬಳೆ ಕೂರುವಷ್ಟು ಗೀರು ತೋಡಿರುತ್ತಾರೆ. ಒಳ್ಳೆಯದರಲ್ಲಿ ಸಣ್ಣ ಸ್ಪ್ರಿಂಗೂ ಇದ್ದು, ಒಂದು ಕೈ ರೆಕ್ಸಿನ್ ಎಳೆದು ಹಿಡಿದಿರುವಾಗ ಬಳೆ ಬೀಳದಂತೆ ಕಾಯುತ್ತದೆ. ನೇರ ಮೂತಿಯದೊಂದು, ಬಾಗಿದ ಮೂತಿಯದೊಂದು ಇದ್ದರೆ ಬೆನ್ನಿನ ಆಳದ ಸಂದಿಗೂ ಕೈ ಹೋಗುತ್ತದೆ. ಇದರಲ್ಲಿ ಹೊಂದಿಸಬೇಕಾದ್ದು ಏನೂ ಇಲ್ಲ, ಕೆಡುವುದು ಕಷ್ಟ. ಬಳೆಗಳನ್ನು ಮಾತ್ರ ಎರವಲು ತೆಗೆದುಕೊಂಡವರೇ ಹೊಸದಾಗಿ ಕೊಳ್ಳಬೇಕು. ಬಿಚ್ಚಿದ ಬಳೆಯನ್ನು ಮತ್ತೆ ಬಾಗಿಸಿದರೆ ಬಾಗಿದ ಜಾಗದಲ್ಲೇ ಉಕ್ಕು ಗಡುಸಾಗಿ ಬಿರುಕು ಬಿಡುತ್ತದೆ.

ಹಬೆಯಂತ್ರ ಇವೆರಡರ ನಡುವಿನದು. ಹೊದಿಕೆ ಏರಿಸಿದ ಮೇಲೆ ಉಳಿಯುವ ನಿರಿಗೆಗಳನ್ನು ಹಬೆಯ ಕಾವು ತೆಗೆಯುತ್ತದೆ: ಪಿವಿಸಿ ಮೆದುವಾಗಿ ಹಿಗ್ಗುತ್ತದೆ, ಒತ್ತಿಹೋದ ಫೋಮ್ ಮತ್ತೆ ಉಬ್ಬುತ್ತದೆ. ಇದನ್ನು ಹಂಚಿಕೊಳ್ಳಬಹುದು, ಆದರೆ ಬೆಂಗಳೂರಿನ ಬೋರ್‌ವೆಲ್ ನೀರು ಹಾಕಬಾರದು. ಗಡಸು ನೀರು ಕುದಿದಾಗ ಅದರಲ್ಲಿ ಕರಗಿದ ಸುಣ್ಣದ ಅಂಶ ಕಾಯಿಲಿಗೆ ಬಿಳಿ ಪೊರೆಯಾಗಿ ಕಟ್ಟುತ್ತದೆ. ಹತ್ತು ಕೈ ದಾಟುವಷ್ಟರಲ್ಲಿ ಹಬೆಯ ತೂತೇ ಮುಚ್ಚಿಹೋಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಕ್ಯಾನನ್ನು ಯಂತ್ರದ ಜೊತೆಗೇ ಕಟ್ಟಿ ಕೊಟ್ಟರೆ ಈ ಚಿಂತೆ ಇಲ್ಲ.

ಇಷ್ಟೆಲ್ಲಕ್ಕಿಂತ ಹೆಚ್ಚು ಬೆಲೆಯದು ಕಾಗದದ ಪ್ಯಾಟರ್ನ್. ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿ, ಒಂದೊಂದೇ ತುಂಡನ್ನು ರಟ್ಟಿನ ಮೇಲೆ ಇಟ್ಟು ಗೆರೆ ಎಳೆದುಕೊಂಡು ಹೊಸದನ್ನು ಕತ್ತರಿಸುವುದು ರೂಢಿ. ಇದರಲ್ಲೊಂದು ಮೋಸವಿದೆ. ಪಿವಿಸಿ ಸ್ವಭಾವತಃ ಗಡುಸು. ಅದನ್ನು ಮೆದುಮಾಡಲು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ಸ್ವಲ್ಪಸ್ವಲ್ಪವೇ ಆವಿಯಾಗುತ್ತದೆ. ಮುಂದಿನ ಗಾಜಿನ ಒಳಮೈಗೆ ಕಟ್ಟುವ ಮಸುಕು ಪೊರೆಯಲ್ಲಿ ಅದರ ಪಾಲೂ ಇರುತ್ತದೆ. ಪ್ಲಾಸ್ಟಿಸೈಜರ್ ಹೋದಷ್ಟೂ ರೆಕ್ಸಿನ್ ಗಟ್ಟಿಯಾಗಿ ಕುಗ್ಗುತ್ತದೆ. ಮೂವತ್ತು ವರ್ಷ ಬಿಸಿಲು ಕಂಡ ಹೊದಿಕೆಯನ್ನು ಹಾಗೇ ನಕಲು ಮಾಡಿದರೆ ಹೊಸದು ಸೀಟಿಗೆ ಬಿಗಿಯಾಗಿ, ಮೂಲೆಯ ಹೊಲಿಗೆ ಕಿತ್ತುಕೊಂಡು ಬರುತ್ತದೆ.

ಎಷ್ಟು ಕುಗ್ಗಿದೆ ಎಂಬುದು ಒಂದೇ ಕಾರನ್ನು ನೋಡಿದವರಿಗೆ ತಿಳಿಯುವುದಿಲ್ಲ. ಸದಾ ಗ್ಯಾರೇಜಿನ ನೆರಳಲ್ಲಿದ್ದ ಪದ್ಮಿನಿಯ ತುಂಡು, ಕಲಬುರಗಿಯ ಬಿಸಿಲಲ್ಲಿ ನಿಂತದ್ದರ ತುಂಡು, ಮಂಗಳೂರಿನ ತೇವದಲ್ಲಿದ್ದದ್ದು — ನಾಲ್ಕಾರು ಮನೆಯವರು ತಮ್ಮ ತಮ್ಮ ತುಂಡುಗಳನ್ನು ಒಂದರ ಮೇಲೊಂದಿಟ್ಟರೆ ಅಂಚುಗಳ ನಡುವಿನ ವ್ಯತ್ಯಾಸದಲ್ಲೇ ಉತ್ತರ ಸಿಗುತ್ತದೆ. ಮೇಲ್ಭಾಗ ಹೆಚ್ಚು ಕುಗ್ಗಿರುತ್ತದೆ, ಬಿಸಿಲು ತಾಗದ ಕೆಳ ಅಂಚು ಕಡಿಮೆ. ಎಲ್ಲಕ್ಕಿಂತ ದೊಡ್ಡ ತುಂಡನ್ನು ಆಧಾರವಾಗಿಟ್ಟು, ಸೀಟಿನ ಚೌಕಟ್ಟನ್ನೇ ಟೇಪಿನಲ್ಲಿ ಅಳೆದು ತಾಳೆ ನೋಡಿ, ಗಟ್ಟಿ ರಟ್ಟಿನಲ್ಲಿ ಕತ್ತರಿಸಿದ ಪ್ಯಾಟರ್ನ್ ಎಲ್ಲರ ಕಾರಿಗೂ ಸಲ್ಲುತ್ತದೆ. ಎರಡು ತುಂಡುಗಳು ಕೂಡಬೇಕಾದ ಕಡೆ ಅಂಚಿಗೆ ಸಣ್ಣ ಕಚ್ಚು ಹಾಕಿಡುವುದನ್ನು ಮರೆಯಬಾರದು. ಹೊಲಿಯುವಾಗ ಕಚ್ಚಿಗೆ ಕಚ್ಚು ಸೇರಿದರೆ ಪೈಪಿಂಗ್ ಓರೆಯಾಗುವುದಿಲ್ಲ.

ಶೆಡ್ಡಿನಲ್ಲಿ ನಿಂತ ಮಿಷನ್ನಿಗೂ ಇಂಥದೇ ಒಂದು ದಾಖಲೆ ಬೇಕು. ಕೆಲಸ ಮುಗಿಸಿದ ಪ್ರತಿಯೊಬ್ಬರೂ ತಾವು ಹೊಲಿದ ರೆಕ್ಸಿನ್ನಿನ ಅಂಗೈ ಅಗಲದ ಚೂರಿನ ಮೇಲೆ ಒಂದು ಸಾಲು ಹೊಲಿಗೆ ಹಾಕಿ, ದಾರದ ನಂಬರು, ಸೂಜಿಯ ನಂಬರು, ಹೊಲಿಗೆಯ ಉದ್ದ, ಟೆನ್ಷನ್ ತಿರುಪು ಎಷ್ಟು ಸುತ್ತಿನಲ್ಲಿತ್ತು ಎಂಬುದನ್ನು ಅದರ ಬೆನ್ನಿಗೆ ಬರೆದು ಮಿಷನ್ನಿನ ಮೇಜಿಗೆ ನೇತುಹಾಕಲಿ. ಚರ್ಮವಾದರೆ ಕತ್ತರಿಸುವ ಮೊನೆಯ 135×16, ಬಟ್ಟೆಯ ಬೆನ್ನಿನ ರೆಕ್ಸಿನ್ನಾದರೆ ದುಂಡು ಮೊನೆಯ 135×17 ಎಂದೂ ನಮೂದಿಸಲಿ. ಎರಡು ದಾರಗಳ ತೊಡರು ಪದರಗಳ ನಡುವೆ ಅಡಗಿ, ಚೂರಿನ ಮೇಲೂ ಕೆಳಗೂ ಹೊಲಿಗೆ ಒಂದೇ ತರ ಕಂಡರೆ ಆ ಅಳತೆ ಸರಿ. ಮುಂದೆ ಬರುವವರು ತಮ್ಮ ರೆಕ್ಸಿನ್ನಿಗೆ ಹತ್ತಿರದ ಚೂರನ್ನು ಹುಡುಕಿ, ತಿರುಪನ್ನು ಅಷ್ಟಕ್ಕೇ ತಂದು, ಹೊಸ ಸೂಜಿ ಹಾಕಿ ಶುರುಮಾಡಬಹುದು.