ಗುಲ್ಮದ ದುಗ್ಧರಸಕೋಶಗಳು ಮತ್ತು ಅವುಗಳ ಬಿಂಬಲಕ್ಷಣ

1883ರಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿ ಹಂಗಾಮಿ ಸೇನಾವೈದ್ಯರಾಗಿದ್ದ ರೊನಾಲ್ಡ್ ರಾಸ್ ಅವರು ತಮ್ಮ ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಬರಿದುಮಾಡಿಸಿದ ಸಂಗತಿ ಪ್ರಸಿದ್ಧವಾಗಿದೆ. ಆ ಕಾಲದ ವೈದ್ಯನಿಗೆ ಗುಲ್ಮವನ್ನು ಅರಿಯಲು ಇದ್ದ ಸಾಧನ ಕೈಯೊಂದೇ. ಎಡಪಕ್ಕೆಲುಬುಗಳ ಕೆಳಗೆ ಬೆರಳೂರಿದಾಗ ಗಟ್ಟಿಯಾದುದೇನಾದರೂ ತಗುಲಿದರೆ ಅದನ್ನು ಬಹುಮಟ್ಟಿಗೆ ಚಳಿಜ್ವರದ ಗುರುತೆಂದೇ ಬಗೆಯುತ್ತಿದ್ದರು. ಅಂದು ದಂಡಿನ ಪೂರ್ವಕ್ಕಿದ್ದ ಹಳ್ಳಿಯಾದ ಬೈಯಪ್ಪನಹಳ್ಳಿ ಈಗ ನಗರದೊಳಗೆ ಸೇರಿಹೋಗಿದೆ. ಅಲ್ಲಿಯ ರೋಗಿಯ ಗುಲ್ಮವನ್ನು ಇಂದು ಯಂತ್ರವು ಚಿತ್ರಿಸಿ ತೋರಿಸುತ್ತದೆ. ಹೀಗೆ ಕಾಣತೊಡಗಿದ ಮೇಲೆ, ಕೈಗೆ ಎಂದೂ ಸಿಕ್ಕದಿದ್ದ ಕೆಲವು ವಿಕಾರಗಳೂ ಬೆಳಕಿಗೆ ಬಂದವು.

(ಪದದಲ್ಲಿಯೇ ಒಂದು ತೊಡಕುಂಟು. ಆಯುರ್ವೇದದಲ್ಲಿ ‘ಗುಲ್ಮ’ವೆಂದರೆ ಹೊಟ್ಟೆಯೊಳಗಿನ ಗಂಟು, ಈ ಅವಯವದ ಹೆಸರು ‘ಪ್ಲೀಹ’. ನಾವು ಪಠ್ಯಪುಸ್ತಕಗಳ ರೂಢಿಯನ್ನು ಅನುಸರಿಸಿದ್ದೇವೆ.)

ದುಗ್ಧರಸವನ್ನು ಒಯ್ಯುವ ನಾಳಗಳು ಹುಟ್ಟಿನಿಂದಲೇ ಸರಿಯಾಗಿ ಕೂಡಿಕೊಳ್ಳದೆ ಹಿಗ್ಗಿದಾಗ ಈ ಕೋಶಗಳು ಉಂಟಾಗುತ್ತವೆಂಬುದು ಸಾಮಾನ್ಯ ಅಭಿಪ್ರಾಯ. ಇವು ವಿರಳ, ಹೆಚ್ಚಾಗಿ ಮಕ್ಕಳಲ್ಲಿ ಕಾಣುತ್ತವೆ, ಅರ್ಬುದರೋಗವಲ್ಲ. ದುಗ್ಧನಾಳಗಳು ಗುಲ್ಮದ ಹೊರಪೊರೆಯ ಬಳಿ ಹೆಚ್ಚಾಗಿರುವುದರಿಂದ ಕೋಶಗಳೂ ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಶ್ರವಣಾತೀತ ಧ್ವನಿಯ ಪರೀಕ್ಷೆಯಲ್ಲಿ ಅವು ಅಂಚು ಸ್ಪಷ್ಟವಾದ ಕಪ್ಪು ಕುಳಿಗಳಂತೆ ತೋರುತ್ತವೆ. ಒಳಗೆ ತೆಳುವಾದ ಅಡ್ಡಗೋಡೆಗಳಿರಬಹುದು. ಸಿ.ಟಿ. ಚಿತ್ರದಲ್ಲಿ ಸಾಂದ್ರತೆ ಕಡಿಮೆ; ರಕ್ತನಾಳಕ್ಕೆ ಬಣ್ಣದ ಮದ್ದು ಚುಚ್ಚಿದರೂ ಕೋಶದ ಒಳಭಾಗ ಬೆಳಗುವುದಿಲ್ಲ; ಅಂಚಿನಲ್ಲಿ ಸುಣ್ಣದ ಸಣ್ಣ ಗೆರೆಗಳು ಕಾಣಬಹುದು. ಎಂ.ಆರ್.ಐ.ಯ ಟಿ-2 ಚಿತ್ರದಲ್ಲಿ ಒಳಗಿನ ದ್ರವವು ಬೆಳ್ಳಗೆ ಹೊಳೆಯುತ್ತದೆ.

ಇಷ್ಟಾದರೂ ಬಿಂಬವೊಂದನ್ನೇ ನೆಚ್ಚುವಂತಿಲ್ಲ. ನಾಯಿ, ಕುರಿಗಳ ಮೂಲಕ ಹರಡುವ ಹೈಡಾಟಿಡ್ ಕೋಶವೂ ಗುಲ್ಮದಲ್ಲಿ ಇದನ್ನೇ ಹೋಲುವುದುಂಟು. ಅಂಥದನ್ನು ಅರಿಯದೆ ಸೂಜಿಯಿಂದ ಚುಚ್ಚಿದರೆ ದ್ರವ ಹೊರಚೆಲ್ಲಿ ರೋಗ ಹರಡಬಹುದು, ತೀವ್ರವಾದ ಅಲರ್ಜಿಯೂ ತಲೆದೋರಬಹುದು. ಕೆಲವೊಮ್ಮೆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ನಿರ್ಣಯ ಸಾಧ್ಯ.

ನಿರ್ಣಯದ ಮೇಲೆ ಅವಯವದ ಅಳಿವು ಉಳಿವು ನಿಂತಿದೆ. ಗುಲ್ಮವಿಲ್ಲದೆಯೂ ಮನುಷ್ಯ ಬದುಕಬಲ್ಲನೆಂಬ ಕಾರಣದಿಂದ ಹಿಂದೆ ಅದನ್ನು ತೆಗೆದುಹಾಕಲು ಶಸ್ತ್ರವೈದ್ಯರು ಅಷ್ಟಾಗಿ ಹಿಂಜರಿಯುತ್ತಿರಲಿಲ್ಲ. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶುಮೇಕರ್ ಅವರು, ಗುಲ್ಮ ಕಳೆದುಕೊಂಡ ಶಿಶುಗಳಿಗೆ ಘೋರವಾದ ಸೋಂಕುಗಳು ತಗುಲಿದುದನ್ನು ವರದಿಮಾಡಿದರು. ಈ ಧೋರಣೆ ಬದಲಾಗಲು ಆ ವರದಿ ಮುಖ್ಯ ಕಾರಣಗಳಲ್ಲೊಂದೆಂದು ನಾವು ಭಾವಿಸುತ್ತೇವೆ. ತೊಂದರೆ ಕೊಡದ ಚಿಕ್ಕ ಕೋಶವನ್ನು ಈಗ ಕಾಲಕಾಲಕ್ಕೆ ಪರೀಕ್ಷಿಸುತ್ತ ಹಾಗೆಯೇ ಬಿಡುವುದುಂಟು. ದೊಡ್ಡದಾದರೆ, ಸಾಧ್ಯವಿದ್ದಲ್ಲಿ, ಗುಲ್ಮದ ಒಂದು ಭಾಗವನ್ನಷ್ಟೇ ತೆಗೆಯುತ್ತಾರೆ. ಪೂರ್ಣವಾಗಿ ತೆಗೆಯಲೇಬೇಕಾದಾಗ ನ್ಯುಮೊಕಾಕಸ್ ಮೊದಲಾದ ರೋಗಾಣುಗಳ ವಿರುದ್ಧ ಲಸಿಕೆಗಳನ್ನು, ಸಾಧ್ಯವಾದರೆ ಶಸ್ತ್ರಚಿಕಿತ್ಸೆಗೆ ಎರಡು ವಾರ ಮುಂಚೆಯೇ, ಹಾಕಿಸುತ್ತಾರೆ.