ಲೈಸೆನ್ಸ್ ಬಂದೂಕು, ಖಾಲಿ ಕಾಡತೂಸು ಮತ್ತು ಕೆಲವು ತಪ್ಪು ನಂಬಿಕೆಗಳು

ವಿಜಯಪುರ ಜಿಲ್ಲೆಯಲ್ಲಿ ಲೈಸೆನ್ಸ್ ಬಂದೂಕು ಅಪರೂಪದ ವಸ್ತುವೇನಲ್ಲ. ಇಂಡಿ, ಸಿಂದಗಿ ಕಡೆಯ ಭೀಮಾ ತೀರದ ತೋಟದ ವಸ್ತಿಗಳಲ್ಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳೆಯ ವಾಡೆಗಳಲ್ಲಿ ಅಜ್ಜನ ಬಂದೂಕು ಮೊಮ್ಮಗನ ಕೈಗೆ ಬಂದಿರುವುದುಂಟು. ಬಂದೂಕಿನ ಜೊತೆಗೆ ಅದರ ಬಗೆಗಿನ ಮಾತುಗಳೂ ಬಂದಿವೆ. ಈಗ ಮೊಬೈಲಿನಲ್ಲಿ ಬರುವ ವಿಡಿಯೊಗಳು ಆ ಮಾತುಗಳಿಗೆ ಹೊಸದೊಂದನ್ನು ಸೇರಿಸಿವೆ. ಅಮೆರಿಕದವರು ಮನೆಯ ಮೇಜಿನ ಮೇಲೆ ರೈಫಲ್‌ನ ಖಾಲಿ ಹಿತ್ತಾಳೆ ಕೇಸನ್ನು ತೊಳೆದು, ಉದ್ದ ಅಳೆದು, ಬಾಯಿ ಸವೆಸಿ, ಮತ್ತೆ ಮದ್ದು ತುಂಬುವುದನ್ನು ನೋಡಿದವರು ಇದು ನಮ್ಮಲ್ಲೂ ಆಗುವ ಕೆಲಸವೇ ಎಂದುಕೊಳ್ಳುತ್ತಾರೆ.

“ಲೈಸೆನ್ಸ್ ನಂದೈತಿ, ಬಂದೂಕು ನಂದೈತಿ, ನನ್ನ ಕಾಡತೂಸು ನಾ ತುಂಬಿಕೊಂಡ್ರ ಯಾರ್ ಕೇಳ್ತಾರ?” ಎಂಬುದು ಇಂಥವರ ವಾದ. ಕೇಳುವುದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಂ ಬಂದೂಕು ಮತ್ತು ಗುಂಡುಗಳನ್ನು ಇಟ್ಟುಕೊಳ್ಳುವ ಲೈಸೆನ್ಸಿನದು. ತಯಾರಿಕೆಯ ಲೈಸೆನ್ಸ್ ಬೇರೆ, ಅದು 5ನೇ ಕಲಮಿನಲ್ಲಿದೆ. ಮೊದಲನೆಯದು ಕೈಯಲ್ಲಿದ್ದ ಮಾತ್ರಕ್ಕೆ ಎರಡನೆಯದು ಸಿಕ್ಕಂತಾಗುವುದಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಇದೆ. ಅಮೆರಿಕದ ಫೆಡರಲ್ ಕಾನೂನು ಸ್ವಂತ ಬಳಕೆಗೆ ಗುಂಡು ತುಂಬಿಕೊಳ್ಳಲು ಬಿಡುತ್ತದೆ. ವಿಡಿಯೊದಲ್ಲಿ ಕಾಣುವವನು ಆ ಕಾನೂನಿನ ಕೆಳಗೆ ಕೂತಿದ್ದಾನೆ, ನಾವಲ್ಲ.

ನಾಡ ಪಿಸ್ತೂಲು, ಜೀವಂತ ಗುಂಡು ಜಪ್ತಿಯಾದ ಸುದ್ದಿಯನ್ನು ಈ ಭಾಗದ ಪತ್ರಿಕೆಗಳು ಎಷ್ಟೋ ಸಲ ಬರೆದಿವೆ. ಹಳೆಯ ದ್ವೇಷಕ್ಕೆ ಊರೂರು ನಲುಗಿದ ನೆಲದಲ್ಲಿ, ಮನೆಯಲ್ಲಿ ಗುಂಡು ತುಂಬುವುದನ್ನು ಹವ್ಯಾಸವೆಂದು ಪೊಲೀಸರು ಸುಮ್ಮನೆ ಬಿಡಬೇಕೆಂದು ನಿರೀಕ್ಷಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಕಾನೂನನ್ನು ಒಪ್ಪಿಕೊಂಡವರಲ್ಲೂ ಇನ್ನೊಂದು ನಂಬಿಕೆ ಗಟ್ಟಿಯಾಗಿದೆ: ಹಿತ್ತಾಳೆಗೆ ಸಾವಿಲ್ಲ, ಹಿಗ್ಗಿದ ಬಾಯಿಯನ್ನು ಸವೆಸಿದರೆ ಕೇಸು ಹೊಸದಾಯಿತು ಎಂಬುದು. ಅದು ಹೇಗೆ ತಪ್ಪೆಂದು ತಿಳಿಯಲು ಗುಂಡು ಹಾರಿದ ಕ್ಷಣದಲ್ಲಿ ಕೇಸಿಗೆ ಏನಾಗುತ್ತದೆಂದು ನೋಡಬೇಕು. ರೈಫಲ್ ಕೇಸಿನ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು. ಮದ್ದು ಉರಿದಾಗ .308ನಂಥ ರೈಫಲ್‌ನಲ್ಲಿ ಒತ್ತಡ ವಾತಾವರಣದ 4,000 ಪಟ್ಟಿನವರೆಗೆ ಏರಬಹುದು. ತೆಳುವಾದ ಕೇಸು ಹಿಗ್ಗಿ ಕಾಡತೂಸು ಕೂರುವ ಚೇಂಬರಿನ ಉಕ್ಕಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ತಾಳುವುದು ಉಕ್ಕು, ಹಿತ್ತಾಳೆ ಸಂದು ಮುಚ್ಚುತ್ತದೆ ಅಷ್ಟೆ. ಕೇಸಿನ ಮುಂಭಾಗ ಗೋಡೆಗೆ ಕಚ್ಚಿಕೊಂಡಿರುವಾಗ ಬುಡ ಹಿಂದಕ್ಕೆ ಜಗ್ಗುತ್ತದೆ. ಆ ಎಳೆತಕ್ಕೆ ಬುಡದ ಸ್ವಲ್ಪ ಮೇಲಿನ ಗೋಡೆ ಹಿಗ್ಗಿ ತೆಳ್ಳಗಾಗುತ್ತದೆ. ಮತ್ತೆ ತುಂಬುವ ಮುನ್ನ ಕೇಸನ್ನು ಡೈ ಎಂಬ ಅಚ್ಚಿನೊಳಗೆ ಒತ್ತಿ ಹಳೆಯ ಅಳತೆಗೆ ತರುತ್ತಾರಲ್ಲ, ಆಗ ಲೋಹ ಮುಂದಕ್ಕೆ ಸರಿದು ಕುತ್ತಿಗೆ ಉದ್ದವಾಗುತ್ತದೆ.

ಹೀಗೆ ಬೆಳೆದ ಕುತ್ತಿಗೆಯನ್ನು ಸವೆಸುವುದು ಬಿಡಲಾಗದ ಕೆಲಸ, ಅದರಲ್ಲಿ ಅನುಮಾನವಿಲ್ಲ. .308 ವಿಂಚೆಸ್ಟರ್ ಕೇಸಿನ ಗರಿಷ್ಠ ಉದ್ದ 51.18 ಮಿಲಿಮೀಟರ್. ಸವೆಸಿದ ಮೇಲೆ ಇರಬೇಕಾದದ್ದು 50.93 ಮಿಲಿಮೀಟರ್. ಎರಡರ ನಡುವೆ ಕಾಲು ಮಿಲಿಮೀಟರ್ ಅಂತರ. ಮಿತಿ ಮೀರಿ ಬೆಳೆದ ಬಾಯಿ ಚೇಂಬರಿನ ಕೊನೆಯ ಇಕ್ಕಟ್ಟಿಗೆ ಸಿಕ್ಕಿ ಗುಂಡನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಗುಂಡು ಸಲೀಸಾಗಿ ಬಿಡದಿದ್ದರೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಆದರೆ ಬಾಯಿಯಿಂದ ಉದುರಿದ ಆ ಹಿತ್ತಾಳೆ ಪುಡಿ ಎಲ್ಲಿಂದ ಬಂತು? ಕೇಸಿನ ಒಳಗಿನಿಂದಲೇ. ಮುಂದೆ ಸರಿದು ಬಂದ ಲೋಹವನ್ನು ನೀವು ಕತ್ತರಿಸಿ ಎಸೆದಿರಿ, ಹಿಂದಿನ ಗೋಡೆ ತೆಳ್ಳಗಾದದ್ದು ಹಾಗೆಯೇ ಉಳಿಯಿತು. ಸವೆಸುವುದು ಉದ್ದವನ್ನು ಸರಿಪಡಿಸುತ್ತದೆ, ಗೋಡೆಯನ್ನಲ್ಲ. ಸವೆದ ಕೇಸನ್ನು ಉದ್ದಕ್ಕೆ ಸೀಳಿ ನೋಡಿದರೆ ಒಳಮೈಯಲ್ಲಿ, ಬುಡದ ಹತ್ತಿರ, ಸುತ್ತ ಕೊರೆದಂತೆ ಒಂದು ತಗ್ಗು ಕಾಣುತ್ತದೆ. ಹೊರಗಿನಿಂದ ಅದು ಬರೀ ಒಂದು ಹೊಳೆಯುವ ಉಂಗುರದ ಗೆರೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಮುಂದಿನ ಸಲ ಆ ಗೆರೆಯಲ್ಲೇ ಕೇಸು ಎರಡು ತುಂಡಾಗಿ, ಬಿಸಿ ಅನಿಲ ಬಂದೂಕಿನ ಕುದುರೆ ಎಳೆಯುವವನ ಮುಖದ ಕಡೆಗೆ ನುಗ್ಗಬಹುದು.

“ಬೆಂಕಿಗೆ ಹಿಡಿದರೆ ಹಿತ್ತಾಳೆ ಮತ್ತೆ ಮೆತ್ತಗಾಗುತ್ತದೆ” ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಂಚುಗಾರರು ಕೊಡ ಬಡಿಯುವಾಗ ಬಡಿತಕ್ಕೆ ಗಡುಸಾದ ತಗಡನ್ನು ನಡುನಡುವೆ ಕಾಯಿಸುತ್ತಾರೆ, ಇಲ್ಲದಿದ್ದರೆ ಸೀಳುತ್ತದೆ. ಕೇಸಿನ ಕುತ್ತಿಗೆಗೂ ಇದೇ ಲೆಕ್ಕ. ಕೊಡ ಪೂರ್ತಿ ಮೆತ್ತಗಾದರೆ ತೊಂದರೆಯಿಲ್ಲ, ಕೇಸು ಹಾಗಲ್ಲ. ಅದರ ಬುಡ ಗಡುಸಾಗಿಯೇ ಇರಬೇಕು. ಇಡೀ ಕೇಸನ್ನು ಒಲೆಗೆ ಹಾಕಿದರೆ ಬುಡವೂ ಮೆತ್ತಗಾಗಿ, ಒತ್ತಡದ ಮುಂದೆ ನಿಲ್ಲುವುದಿಲ್ಲ. ಕಾಯಿಸಿದ್ದರಿಂದ ತೆಳ್ಳಗಾದ ಗೋಡೆ ದಪ್ಪವೂ ಆಗುವುದಿಲ್ಲ.

ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ಹಿತ್ತಾಳೆಗೆ ಸಾವಿಲ್ಲ ಎಂಬ ಮಾತಿಗೆ ಸಾಕ್ಷಿ ತರುವವರೂ ಇದ್ದಾರೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಆ ತೋಪು ಇಂದಿಗೂ ಗಟ್ಟಿಯಾಗಿದೆ, ನಿಜ. ಅದು ತಾಮ್ರ ಮತ್ತು ತವರ ಬೆರೆತ ಕಂಚು. ಭಾರೀ ದಪ್ಪದ ಅದರ ಗೋಡೆ ಒತ್ತಡವನ್ನು ತಾನೇ ಹೊರುತ್ತಿತ್ತು. ತೆಳು ಕುತ್ತಿಗೆಯ ಹಿತ್ತಾಳೆ ಕೇಸಿಗೆ ಅದರ ಜೊತೆ ಯಾವ ಹೋಲಿಕೆಯೂ ಇಲ್ಲ.

ಸವೆಸಿದರೆ ಕೇಸು ಚೇಂಬರಿನಲ್ಲಿ ಸರಿಯಾಗಿ ಕೂರುತ್ತದೆಂಬ ಮಾತೂ ಎಲ್ಲಕ್ಕೂ ಅನ್ವಯಿಸದು. ಕುತ್ತಿಗೆ ಸಣ್ಣದಾದ ಎಷ್ಟೋ ರೈಫಲ್ ಕೇಸುಗಳು ಕುತ್ತಿಗೆಯ ಕೆಳಗಿನ ಹೆಗಲಿನ ಆಧಾರದಲ್ಲಿ ಕೂರುತ್ತವೆ, ಬುಡದಲ್ಲಿ ಹೊರಚಾಚಿದ ಅಂಚಿರುವ ಕೇಸು ಆ ಅಂಚಿನ ಮೇಲೆ. ನಮ್ಮಲ್ಲಿ ಸಾಮಾನ್ಯರಿಗೆ ಸಿಗುವ .315 ರೈಫಲ್‌ನ ಕೇಸು ಅಂಚಿನದು. ಇಶಾಪುರದ ಕಾರ್ಖಾನೆಯ ಆ ರೈಫಲ್‌ಗೆ ಪುಣೆ ಹತ್ತಿರದ ಖಡ್ಕಿಯ ಕಾರ್ಖಾನೆ ಗುಂಡು ಮಾಡುತ್ತದೆ. ಇನ್ನು ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವ 12 ಬೋರಿನ ಕಾಡತೂಸಿನ ಮೈ ಕಾಗದದ್ದು ಇಲ್ಲವೇ ಪ್ಲಾಸ್ಟಿಕ್ಕಿನದು. ಬೆಳೆ ಕಾಯಲು ಕೊಡುವ, ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಕೇಸೇ ಇಲ್ಲ. ಬೆಳೆ ಕಾಯುವ ಆ ಲೈಸೆನ್ಸ್ ಇದ್ದರೆ ಹೊಲಕ್ಕೆ ಬಂದ ಕೃಷ್ಣಮೃಗವನ್ನು ಹೊಡೆಯಬಹುದೆಂದು ತಿಳಿಯಬೇಡಿ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಪ್ರಾಣಿ ಅದು.

ಖಾಲಿ ಕೇಸಿನ ಬಗ್ಗೆ ಎರಡು ತುದಿಯ ನಂಬಿಕೆಗಳಿವೆ. ಅದು ಗುಜರಿ, ಎಷ್ಟಾದರೂ ಇಟ್ಟುಕೊಳ್ಳಿ ಎನ್ನುತ್ತಾರೆ ಕೆಲವರು. ಹೊಲದಲ್ಲಿ ಒಂದು ಸಿಕ್ಕರೂ ಜೈಲು ಎಂದು ಹೆದರಿಸುತ್ತಾರೆ ಇನ್ನು ಕೆಲವರು. ಕಾಯ್ದೆಯ ವ್ಯಾಖ್ಯೆಯಲ್ಲಿ ಗುಂಡಿನ ಭಾಗಗಳೂ, ಗುಂಡು ತಯಾರಿಸುವ ಯಂತ್ರವೂ ಮದ್ದುಗುಂಡಿನ ಲೆಕ್ಕಕ್ಕೇ ಸೇರುತ್ತವೆ. ಆದರೆ 45ನೇ ಕಲಂ, ಪೂರಕ ಭಾಗಗಳೊಂದಿಗೆ ಬಳಸುವ ಉದ್ದೇಶವಿಲ್ಲದ ಚಿಕ್ಕಪುಟ್ಟ ಭಾಗಗಳನ್ನು ಕಾಯ್ದೆಯಿಂದ ಹೊರಗಿಡುತ್ತದೆ. ಕಪಾಟಿನಲ್ಲಿ ನೆನಪಿಗೆಂದು ಇಟ್ಟ ಒಂದು ಖಾಲಿ ಕೇಸು ಬೇರೆ. ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಡೈಗಳ ಪಕ್ಕದಲ್ಲಿ ಸಿಕ್ಕ ಖಾಲಿ ಕೇಸುಗಳ ಚೀಲ ಬೇರೆ. ಬಾಯಿ ಸವೆಸಿದರೆ ಯಾವ ಬಂದೂಕಿನದೆಂದು ಗೊತ್ತಾಗದು ಎಂಬುದೂ ಸುಳ್ಳು. ಪಿನ್ನು ಬಡಿದ ಗುರುತು, ಕೇಸನ್ನು ಹೊರಗೆಳೆಯುವ ಕೊಕ್ಕೆಯ ಗೀರು ಇರುವುದು ಬುಡದಲ್ಲಿ.

ಕೊಡಗಿನವರಿಗೆ ಲೈಸೆನ್ಸ್ ಬೇಡವಾದರೆ ನಮಗೇಕೆ ಎಂದು ಕೇಳುವವರಿಗೆ ಒಂದೇ ಮಾತು. ಆ ವಿನಾಯಿತಿ ಕೊಡವ ಜನಾಂಗಕ್ಕೆ ಮತ್ತು ಅಲ್ಲಿನ ಜಮ್ಮಾ ಎಂಬ ಭೂಹಿಡುವಳಿ ಇರುವವರಿಗೆ ಮಾತ್ರ. ಅದೂ ಬಂದೂಕು ಇಟ್ಟುಕೊಳ್ಳುವುದಕ್ಕೆ, ಗುಂಡು ತಯಾರಿಸುವುದಕ್ಕಲ್ಲ.

ಹಳೆಯ ಕಾಡತೂಸಿನ ಡಬ್ಬಿ ಸಿಕ್ಕಿದ ಮನೆಯವರು ಅದನ್ನು ಬಿಸಿಲಿಗೆ ಒಣಗಿಸಿ ಹಾರಿಸಿ ನೋಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೇವ ತಿಂದ ಪ್ರೈಮರ್ ತಡವಾಗಿ ಹೊತ್ತಿಕೊಳ್ಳಬಹುದು. ಲೈಸೆನ್ಸಿನ ಗುಂಡೇ ಹಾರದೆ ಉಳಿದರೂ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು, ಕೂಡಲೇ ತೆರೆಯಬಾರದು. ಬಂದೂಕಿನ ಒಡೆಯ ತೀರಿಕೊಂಡಿದ್ದರೆ ಆ ಲೈಸೆನ್ಸ್ ಮಗನಿಗೆ ತಾನಾಗಿ ಬರುವುದಿಲ್ಲ. 21ನೇ ಕಲಮಿನ ಪ್ರಕಾರ ಬಂದೂಕನ್ನೂ ಗುಂಡುಗಳನ್ನೂ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ, ಇಲ್ಲವೇ ಲೈಸೆನ್ಸ್ ಇರುವ ಡೀಲರ್ ಬಳಿ ಜಮಾ ಮಾಡಿ, ರಸೀದಿ ಪಡೆಯಬೇಕು. 2016ರ ನಿಯಮಗಳಲ್ಲಿ ವಾರಸುದಾರನಿಗೆ ಲೈಸೆನ್ಸ್ ಕೊಡುವ ದಾರಿ ಇದೆ. ಲೈಸೆನ್ಸುದಾರನಿಗೆ 70 ವರ್ಷ ತುಂಬಿದರೆ ಅಥವಾ ಬಂದೂಕು ಅವನ ಬಳಿ 25 ವರ್ಷ ಇದ್ದರೆ, ಅವನು ಬದುಕಿರುವಾಗಲೇ ವಾರಸುದಾರ ಅರ್ಜಿ ಹಾಕಬಹುದು. ಅಪ್ಪನಿಗೆ ವಯಸ್ಸಾಗಿದ್ದರೆ ಅರ್ಜಿಯನ್ನು ಈಗಲೇ ಜಿಲ್ಲಾಧಿಕಾರಿ ಕಚೇರಿಗೆ ಕೊಡಿ.