ಪಿಕಪ್ ವಾಹನ: ಹೊರೆ ಅರಿತು ಕೊಳ್ಳಿ, ಘಟ್ಟ ಅರಿತು ಓಡಿಸಿ

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲೂಕುಗಳಲ್ಲಿ ಬೆಳೆಗಳು ಹಲವು, ದಾರಿಗಳೂ ಹಲವು ಬಗೆಯವು. ಹಳಿಯಾಳದ ಕಬ್ಬು ಲಾರಿ, ಟ್ರ್ಯಾಕ್ಟರುಗಳಲ್ಲಿ ಕಾರ್ಖಾನೆ ಸೇರುತ್ತದೆ. ಶುಂಠಿ, ಅಡಿಕೆ, ಬಾಳೆ, ತರಕಾರಿಗಳನ್ನು ಸ್ವಲ್ಪ ಸ್ವಲ್ಪವಾಗಿ ಬೇಗನೆ ಪೇಟೆಗೆ ಒಯ್ಯಲು ಮಧ್ಯಮ ಗಾತ್ರದ ಪಿಕಪ್ ಅನುಕೂಲ. ಕುಳಗಿಯಂಥ ಕಾಡಂಚಿನ ಊರಿನ ರೈತರು ಇದನ್ನು ಕೊಳ್ಳುವಾಗ ಕೆಳಗಿನ ಅಂಶಗಳನ್ನು ಗಮನಿಸುವುದು ಅವಶ್ಯ.

ಹೊರೆಯ ಲೆಕ್ಕ

ವಾಹನದ ಸ್ವಂತ ತೂಕ, ಸರಕು ಮತ್ತು ಒಳಗೆ ಕುಳಿತವರ ತೂಕ ಸೇರಿದರೆ ಒಟ್ಟು ತೂಕವಾಗುತ್ತದೆ. ಇದರ ಮಿತಿಯನ್ನು ನೋಂದಣಿ ಪತ್ರದಲ್ಲಿ ನಮೂದಿಸಿರುತ್ತಾರೆ. 2005ರಲ್ಲಿ ಬಂದ ಟಾಟಾ ಏಸ್ ಸುಮಾರು ಮುಕ್ಕಾಲು ಟನ್ ಹೊರುವ ಸಣ್ಣ ವಾಹನ. ಬೊಲೆರೊ, ಯೋಧ ಪಿಕಪ್‌ಗಳು ಮಾದರಿಗೆ ತಕ್ಕಂತೆ ಸುಮಾರು 1.2ರಿಂದ 2 ಟನ್ ಹೊರುತ್ತವೆ. ಚೀಲಕ್ಕೆ 60 ಕಿಲೋ ಎಂದು ಹಿಡಿದರೆ 1,500 ಕಿಲೋ ಸಾಮರ್ಥ್ಯದ ವಾಹನಕ್ಕೆ 25 ಚೀಲ ಸಾಕು. ಹಸಿ ಶುಂಠಿಯಂಥ ಭಾರದ ಸರಕಿನಲ್ಲಿ ಬಾಡಿ ತುಂಬುವ ಮೊದಲೇ ಮಿತಿ ಮುಟ್ಟುತ್ತದೆ. ಭಾರದ ಚೀಲಗಳನ್ನು ತಳದಲ್ಲಿ, ಹಿಂದಿನ ಅಚ್ಚಿಗಿಂತ ಮುಂದಕ್ಕೆ ಇಡಬೇಕು. ಹಿಂಬದಿಗೆ ಭಾರ ಹೆಚ್ಚಾದರೆ ಮುಂದಿನ ಗಾಲಿಗಳ ಹಿಡಿತ ಸಡಿಲಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ.

ಎಂಜಿನ್ ಮತ್ತು ಸ್ಪ್ರಿಂಗು

ಏರು ಹತ್ತಲು ವೇಗಕ್ಕಿಂತ ಎಳೆಯುವ ಶಕ್ತಿ ಮುಖ್ಯ. ಕಡಿಮೆ ವೇಗದಲ್ಲೇ ಈ ಶಕ್ತಿ ಕೊಡುವುದರಿಂದ ಡೀಸೆಲ್ ಎಂಜಿನ್ ಒಪ್ಪುತ್ತದೆ. ಹಿಂದಿನ ಪಟ್ಟಿ ಸ್ಪ್ರಿಂಗುಗಳನ್ನು ಹೊರೆಗೆಂದೇ ಗಟ್ಟಿ ಮಾಡಿರುತ್ತಾರೆ. ಆದ್ದರಿಂದ ಖಾಲಿ ವಾಹನ ಕುಪ್ಪಳಿಸುತ್ತದೆ, ಮಳೆಗಾಲದ ಕೆಸರಿನಲ್ಲಿ ಹಿಂದಿನ ಗಾಲಿ ಜಾರುತ್ತದೆ. ಖಾಲಿ ಇದ್ದಾಗಲೂ ನಿಧಾನವೇ ಲೇಸು.

ಘಟ್ಟ ಇಳಿಯುವಾಗ

ಅಣಶಿ ಘಟ್ಟದಂಥ ಇಳಿಜಾರಿನಲ್ಲಿ, ಏರುವಾಗ ಬೇಕಾಗುವ ಗೇರಿನಲ್ಲೇ ಇಳಿಯಬೇಕು. ಬ್ರೇಕನ್ನು ಸತತವಾಗಿ ತುಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಡೀಸೆಲ್ ಉಳಿಸಲೆಂದು ಎಂಜಿನ್ ಆರಿಸಿ ಇಳಿಯುವುದು ಅಪಾಯಕರ. ಎಂಜಿನ್ ನಿಂತರೆ ಬ್ರೇಕು, ಪವರ್ ಸ್ಟಿಯರಿಂಗ್ ಎರಡೂ ಬಿಗಿಯಾಗುತ್ತವೆ.

ಸರಕಿನ ಮೇಲೆ ಜನ ಬೇಡ

2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿಯ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿತು. ಸರಕಿನೊಡನೆ ಹೊರಟಿದ್ದ ವ್ಯಾಪಾರಿಗಳಲ್ಲಿ ಹತ್ತು ಜನ ಪ್ರಾಣ ಕಳೆದುಕೊಂಡರು. ಲಾರಿಗೆ ಅನ್ವಯಿಸುವುದು ಪಿಕಪ್‌ಗೂ ಅನ್ವಯಿಸುತ್ತದೆ. ಕೂಲಿಯಾಳುಗಳನ್ನು ಚೀಲಗಳ ಮೇಲೆ ಕೂರಿಸಿ ಒಯ್ಯುವ ರೂಢಿಯನ್ನು ಬಿಡಬೇಕು.

ಕಾನೂನು

ಹಗುರ ವಾಹನದ ಚಾಲನಾ ಪರವಾನಗಿ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಪಿಕಪ್ ಈ ಮಿತಿಯೊಳಗೆ ಬರುತ್ತದೆ. 2019ರ ತಿದ್ದುಪಡಿಯಂತೆ ಮಿತಿ ಮೀರಿದ ಹೊರೆಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ಕೊಳ್ಳುವ ಮುನ್ನ ನಿಮ್ಮ ವರ್ಷದ ಸರಕು ಎಷ್ಟು, ವಾಹನ ಎಷ್ಟು ದಿನ ಓಡೀತು ಎಂದು ಬರೆದು ನೋಡಿ. ಕೆಲವೇ ದಿನದ ಕೆಲಸವಿದ್ದರೆ ಬಾಡಿಗೆಯೇ ಲಾಭ, ಇಲ್ಲವೇ ನೆರೆಯ ರೈತರೊಡನೆ ಕೂಡಿ ಕೊಳ್ಳಬಹುದು. ಸರಕು ಹೆಚ್ಚಿದ್ದ ದಿನ ಎರಡು ಸಲ ಹೋಗಿಬರುವುದೇ ಕ್ಷೇಮ.